ಹೊಳಪೇ ಶುದ್ಧಿಯಲ್ಲ

ದೀಪಾವಳಿಗೆ ಎರಡು ದಿನ ಇರುವಾಗ ಅಟ್ಟದಿಂದ ಹಿತ್ತಾಳೆಯ ದೀಪಗಳು ಕೆಳಗಿಳಿಯುತ್ತವೆ. ವರ್ಷವಿಡೀ ಮೂಲೆಯಲ್ಲಿ ಕುಳಿತು ಕಂದುಗಟ್ಟಿದ ದೀಪಕ್ಕೆ ಅಜ್ಜಿ ನೆನೆಸಿದ ಹುಣಸೆಹಣ್ಣು ಹಚ್ಚಿ, ಚಿಟಿಕೆ ಉಪ್ಪು ಉದುರಿಸಿ, ತೆಂಗಿನ ನಾರಿನಿಂದ ತಿಕ್ಕುತ್ತಾರೆ. ನೋಡನೋಡುತ್ತಿದ್ದಂತೆ ಕೊಳೆ ಕರಗಿ ಚಿನ್ನದ ಬಣ್ಣ ಹೊರಬರುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸಿತು, ನಾರು ಅದನ್ನು ಉಜ್ಜಿ ತೆಗೆಯಿತು, ನೀರು ಕೊಚ್ಚಿಕೊಂಡು ಹೋಯಿತು. ದೀಪ ಶುದ್ಧವಾಯಿತು. ಕೆಲಸ ಮುಗಿಯಿತು.

ಇದೇ ಹಿತ್ತಾಳೆ, ಇದೇ ಕೆಲಸ, ಆದರೆ ಅಷ್ಟು ಸುಲಭವಾಗಿ ಮುಗಿಯದ ಒಂದು ಸಂದರ್ಭ ಅಮೆರಿಕದ ಅನೇಕ ಮನೆಗಳಲ್ಲಿದೆ. ಅಲ್ಲಿ ಗುರಿ ಹೊಡೆಯುವುದು ಸಾಮಾನ್ಯ ಹವ್ಯಾಸ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕವಚಗಳನ್ನು ಆಯ್ದು ತಂದು, ತೊಳೆದು, ಮನೆಯಲ್ಲೇ ಮತ್ತೆ ಮದ್ದು ತುಂಬಿ ಬಳಸುವವರು ಲಕ್ಷಗಟ್ಟಲೆ ಇದ್ದಾರೆ. ಕಾಡತೂಸಿನಲ್ಲಿ ನಾಲ್ಕು ಭಾಗಗಳು: ಗುಂಡು, ಅದನ್ನು ತಳ್ಳುವ ಮದ್ದು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಎಂಬ ಪುಟ್ಟ ಬಟ್ಟಲು, ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆ ಕವಚ. ಮೊದಲ ಮೂರು ಒಮ್ಮೆಗೇ ಮುಗಿದುಹೋಗುತ್ತವೆ. ಕವಚ ಮಾತ್ರ ಉಳಿಯುತ್ತದೆ. ಅದು ಬೆಲೆಬಾಳುವ ಭಾಗವೂ ಹೌದು. ಹಾಗಾಗಿ ಅದನ್ನು ಬಿಸಾಡಲು ಮನಸ್ಸು ಬರುವುದಿಲ್ಲ.

ನಮ್ಮ ದೇಶದಲ್ಲಿ ಇದು ಮನೆಯ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಆದರೂ ಖಾಲಿ ಕವಚವನ್ನು ತೊಳೆಯುವ ಈ ಸಣ್ಣ ಪ್ರಶ್ನೆಯೊಳಗೆ ರಸಾಯನಶಾಸ್ತ್ರ, ಭೌತಶಾಸ್ತ್ರ, ಆರೋಗ್ಯಶಾಸ್ತ್ರ ಮೂರೂ ಅಡಗಿವೆ. ಅಷ್ಟೇ ಅಲ್ಲ, ನಮ್ಮ ದೇಶದ ಮಳೆಗಾಲದ ಕತೆಯೊಂದೂ ಇದೆ.

ಹಿತ್ತಾಳೆಯೇ ಏಕೆ?

ಕಾಡತೂಸಿನ ಹಿತ್ತಾಳೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಈ ಹದದ ಮಿಶ್ರಲೋಹವನ್ನು ಒಡೆಯದಂತೆ ಉದ್ದಕ್ಕೆ ಎಳೆದು ಕೊಳವೆ ಮಾಡಬಹುದು. ಬಂದೂಕಿನಲ್ಲಿ ಮದ್ದು ಉರಿದಾಗ ಅದರ ಎರಡನೆಯ ಗುಣ ಬಯಲಾಗುತ್ತದೆ. ಆಧುನಿಕ ರೈಫಲ್ಲಿನ ಒಳಗೆ ಆ ಕ್ಷಣದ ಒತ್ತಡ ವಾತಾವರಣದ ಒತ್ತಡದ ಸುಮಾರು ನಾಲ್ಕು ಸಾವಿರ ಪಟ್ಟು ಇರಬಹುದು. ಕವಚ ಉಬ್ಬಿ ಉಕ್ಕಿನ ಗೋಡೆಗೆ ಒತ್ತಿಕೊಂಡು, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣ ಒತ್ತಡ ಇಳಿದಾಗ ಸ್ವಲ್ಪ ಕುಗ್ಗಿ ಸಡಿಲವಾಗುತ್ತದೆ. ಹಾಗೆ ಸಡಿಲವಾಗದಿದ್ದರೆ ಅದನ್ನು ಹೊರಗೆಳೆಯುವುದೇ ಕಷ್ಟ.

ಹೀಗೆ ಉಬ್ಬುವುದು, ಕುಗ್ಗುವುದು, ಮತ್ತೆ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರುವುದು ನಡೆದಷ್ಟೂ ಹಿತ್ತಾಳೆ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸಾಗುತ್ತದೆ. ತಂತಿಯೊಂದನ್ನು ಒಂದೇ ಜಾಗದಲ್ಲಿ ಹತ್ತಾರು ಸಲ ಬಗ್ಗಿಸಿದರೆ ಪಟ್ಟನೆ ಮುರಿಯುವುದಿಲ್ಲವೆ? ಹಾಗೆಯೇ ಕವಚದ ಕುತ್ತಿಗೆಯಲ್ಲೂ ಒಂದಲ್ಲ ಒಂದು ದಿನ ಬಿರುಕು ಮೂಡುತ್ತದೆ. ಆ ಬಿರುಕು ಮಸಿಯ ಕೆಳಗೆ ಅಡಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕವಚವನ್ನು ತೊಳೆಯುವ ಮುಖ್ಯ ಕಾರಣವೇ ಇದು. ಇನ್ನೊಂದು ಕಾರಣ, ಕವಚಕ್ಕೆ ಅಂಟಿದ ಮರಳು, ಮಣ್ಣು ಅಚ್ಚನ್ನು ಗೀರಿ ಹಾಳುಮಾಡುತ್ತವೆ. ಕನ್ನಡಿಯಂತೆ ಹೊಳೆಯಬೇಕಾದ ಅಗತ್ಯ ಮಾತ್ರ ಇಲ್ಲವೇ ಇಲ್ಲ. ಹೊಳಪು ಕಣ್ಣಿಗೆ ಬೇಕು, ಕವಚಕ್ಕೆ ಬೇಡ.

ಕುದುರೆ ಲಾಯದ ಪಾಠ

ತೊಳೆಯುವ ಮುನ್ನ ಲೋಹದ ಸ್ವಭಾವ ತಿಳಿದಿರಬೇಕು ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಭಾರತದ್ದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ಕಳೆದ ಮೇಲೆ ತೆಗೆದು ನೋಡಿದರೆ, ಯಾರೂ ಮುಟ್ಟದ, ಯಾರೂ ಹಾರಿಸದ ಕಾಡತೂಸುಗಳ ಹಿತ್ತಾಳೆ ತಾನಾಗಿ ಸೀಳಿಕೊಂಡಿರುತ್ತಿತ್ತು. ಒಂದು ಋತುವಿನಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯಾದ್ದರಿಂದ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’, ಅಂದರೆ ಋತುಬಿರುಕು ಎಂಬ ಹೆಸರು ಬಂತು.

ಇದರ ಗುಟ್ಟನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಬ್ರಿಟಿಷ್ ಲೋಹವಿಜ್ಞಾನಿಗಳು ಬಿಡಿಸಿದರು. ತಪ್ಪು ಮಳೆಯದೊಂದೇ ಅಲ್ಲ, ಲಾಯದ್ದೂ ಹೌದು. ಕುದುರೆಯ ಮೂತ್ರದಲ್ಲಿರುವ ಯೂರಿಯಾ ಕೊಳೆತಾಗ ಅಮೋನಿಯಾ ಅನಿಲ ಹೊರಡುತ್ತದೆ. ಮಳೆಗಾಲದ ತೇವ ಲೋಹದ ಮೇಲೆ ತೆಳ್ಳನೆಯ ನೀರಿನ ಪೊರೆ ಹೊದಿಸುತ್ತದೆ. ಆ ಪೊರೆಯಲ್ಲಿ ಕರಗಿದ ಅಮೋನಿಯಾ ತಾಮ್ರದೊಂದಿಗೆ ಸೇರಿಕೊಂಡು ಅದನ್ನು ಕರಗಿಸತೊಡಗುತ್ತದೆ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಹೆಚ್ಚು ಅಮೋನಿಯಾ ಹಾಕಿದಾಗ ಬರುವ ಕಡುನೀಲಿ ಬಣ್ಣವನ್ನು ಶಾಲೆಯ ಪ್ರಯೋಗಾಲಯದಲ್ಲಿ ಕಂಡವರಿಗೆ ಈ ಸ್ನೇಹದ ಪರಿಚಯ ಇದ್ದೇ ಇದೆ.

ಅಮೋನಿಯಾ ಒಂದೇ ಇದ್ದರೆ ಹಿತ್ತಾಳೆ ನಿಧಾನವಾಗಿ ಸವೆಯುತ್ತಿತ್ತು, ಸೀಳುತ್ತಿರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಎಳೆದು ಒತ್ತಿ ಮಾಡಿದ ಕವಚದೊಳಗೆ ಬಿಗಿದ ಬಿಲ್ಲಿನಂತೆ ಎಳೆತ ಉಳಿದಿರುತ್ತದೆ. ಲೋಹವೆಂದರೆ ಸಣ್ಣ ಸಣ್ಣ ಹರಳುಗಳ ಒಟ್ಟಣೆ. ಎಳೆತ ಇರುವ ಕಡೆ ಅಮೋನಿಯಾ ಆ ಹರಳುಗಳ ಸಂದಿಯಲ್ಲಿ ನುಗ್ಗುತ್ತದೆ, ಸಂದಿ ಬಾಯಿ ಬಿಡುತ್ತದೆ, ಬಿಟ್ಟ ಬಾಯಿಯಲ್ಲಿ ಮತ್ತಷ್ಟು ಅಮೋನಿಯಾ ಇಳಿಯುತ್ತದೆ. ಕಾರಣ ತಿಳಿದ ಮೇಲೆ ಪರಿಹಾರವೂ ಸಿಕ್ಕಿತು. ಕವಚವನ್ನು ಮೆತ್ತಗಾಗದಷ್ಟು ಹದವಾಗಿ ಕಾಯಿಸಿ ಒಳಗಿನ ಎಳೆತವನ್ನು ಸಡಿಲಿಸುವುದು. ಉಳಿದದ್ದು ಲಾಯದಿಂದ ದೂರ ಇಡುವುದು.

ಈ ಪಾಠ ಇಂದಿಗೂ ಹಳತಾಗಿಲ್ಲ. ಹಿತ್ತಾಳೆಗೆ ಹೊಳಪು ಕೊಡಲು ಅಂಗಡಿಯಲ್ಲಿ ಸಿಗುವ ಕೆಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಬಾಗಿಲ ಹಿಡಿಕೆಗೆ ಅದನ್ನು ಹಚ್ಚಿ ಒರೆಸಿದರೆ ಹೆದರಬೇಕಾದ್ದಿಲ್ಲ. ಆದರೆ ಎಳೆತ ತುಂಬಿದ ಕವಚಕ್ಕೆ ಹಚ್ಚಿದರೆ, ಇಂದು ಥಳಥಳ ಹೊಳೆಯುವ ವಸ್ತು ಮುಂದೊಂದು ದಿನ ಮುಖದ ಮುಂದೆಯೇ ಸೀಳಬಹುದು. ಆದ್ದರಿಂದಲೇ ಅಮೋನಿಯಾ ಇರುವ ಯಾವ ಪಾಲಿಷೂ ಕೂಡದೆಂದು ಬಲ್ಲವರು ಎಚ್ಚರಿಸುತ್ತಾರೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: ‘ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಬಳಸುತ್ತಾರಲ್ಲ? ಅದು ಅಮೋನಿಯಂ ಕ್ಲೋರೈಡ್ ತಾನೆ?’ ಒಳ್ಳೆಯ ಪ್ರಶ್ನೆ. ಕಲಾಯಿಯವರು ಪಾತ್ರೆಯನ್ನು ತವರ ಕರಗುವಷ್ಟು ಕಾಯಿಸಿರುತ್ತಾರೆ. ಅಲ್ಲಿ ತೇವ ನಿಲ್ಲುವುದಿಲ್ಲ, ನವಸಾಗರ ತಾಗುವುದೂ ಕೆಲವೇ ನಿಮಿಷ. ತಿಂಗಳುಗಟ್ಟಲೆ ತೇವದಲ್ಲಿ ಕುಳಿತ ಕಾಡತೂಸಿನ ಸ್ಥಿತಿಯೇ ಬೇರೆ.

ಋತುಬಿರುಕಿಗೆ ಅಣ್ಣನಂಥ ಇನ್ನೊಂದು ಕಾಯಿಲೆಯೂ ಆಗ ಇತ್ತು. ಹಿಂದೆ ಪ್ರೈಮರಿನಲ್ಲಿ ಪಾದರಸದ ಫಲ್ಮಿನೇಟ್ ಬಳಸುತ್ತಿದ್ದರು. ಕಪ್ಪು ಮದ್ದಿನ ಕಾಲದಲ್ಲಿ ದಟ್ಟ ಮಸಿಯೊಂದಿಗೆ ಪಾದರಸವೂ ಬೆರೆತು ಬಹುಪಾಲು ಹೊರಹೋಗುತ್ತಿತ್ತು. 1880ರ ದಶಕದಲ್ಲಿ ಹೊಗೆ ಕಡಿಮೆ ಇರುವ ಹೊಸ ಮದ್ದು ಬಂತು. ಮಸಿ ಕಡಿಮೆಯಾಯಿತು, ಆದರೆ ಪಾದರಸ ನೇರವಾಗಿ ಹಿತ್ತಾಳೆಯೊಳಗೆ ಇಳಿದು ಅದನ್ನು ಬಿಸ್ಕತ್ತಿನಂತೆ ಪೆಡಸು ಮಾಡಿತು. ಕಣ್ಣಿಗೆ ಕವಚ ಮೊದಲಿಗಿಂತ ಶುಭ್ರ, ಒಳಗೆ ಮೊದಲಿಗಿಂತ ದುರ್ಬಲ. ಲೋಹದೊಳಕ್ಕೆ ಸೇರಿಕೊಂಡ ಪಾದರಸವನ್ನು ಯಾವ ಸೋಪೂ ತೆಗೆಯಲಾರದು. ಕೊನೆಗೆ ಪ್ರೈಮರಿನ ರಸಾಯನವನ್ನೇ ಬದಲಿಸಬೇಕಾಯಿತು.

ತೊಳೆಯುವ ದಾರಿಗಳು

ಈಗ ಬಳಕೆಯಲ್ಲಿರುವ ವಿಧಾನಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಒಣ ವಿಧಾನ. ಅದುರುವ ಬಟ್ಟಲೊಂದರಲ್ಲಿ ಮೆಕ್ಕೆಜೋಳದ ದಿಂಡಿನ ನುಚ್ಚು ಅಥವಾ ಅಕ್ರೋಟಿನ ಚಿಪ್ಪಿನ ತರಿ ತುಂಬಿ, ಅದರೊಳಗೆ ಕವಚಗಳನ್ನು ಹಾಕಿ ಕೆಲವು ತಾಸು ಓಡಿಸುತ್ತಾರೆ. ಸಾವಿರಾರು ಕಣಗಳು ಮೆಲ್ಲಗೆ ಉಜ್ಜುತ್ತಾ ಹೋಗುತ್ತವೆ. ಹಿತ್ತಾಳೆಗಿಂತ ಮೆತ್ತಗಿರುವುದರಿಂದ ಲೋಹ ಸವೆಯುವುದಿಲ್ಲ, ಕೊಳೆ ಮಾತ್ರ ಹೋಗುತ್ತದೆ. ಹೊಳಪು ಬೇಕೆನ್ನುವವರು ಕಬ್ಬಿಣದ ಆಕ್ಸೈಡಿನ ನುಣುಪಾದ ಕೆಂಪು ಪುಡಿಯನ್ನು ಸೇರಿಸುತ್ತಾರೆ. ಚಿನ್ನಕ್ಕೆ ಮೆರುಗು ಕೊಡಲು ಬಳಸುವುದೂ ಅದೇ ಪುಡಿ. ಒಣಗಿಸುವ ತಾಪತ್ರಯವಿಲ್ಲ. ಆದರೆ ಕವಚದ ಒಳಭಾಗ ಪೂರ್ತಿ ಶುದ್ಧವಾಗುವುದಿಲ್ಲ. ಧೂಳು ಏಳುತ್ತದೆ. ಆ ಧೂಳಿನ ಮಾತು ಮುಂದೆ ಬರಲಿದೆ.

ಎರಡನೆಯದು ಒದ್ದೆ ವಿಧಾನ. ತಿರುಗುವ ಪೀಪಾಯಿಯಲ್ಲಿ ನೀರು, ಸ್ವಲ್ಪ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ, ಜೊತೆಗೆ ಸುಮಾರು ಒಂದು ಮಿಲಿಮೀಟರ್ ದಪ್ಪ, ಆರು ಮಿಲಿಮೀಟರ್ ಉದ್ದದ ತುಕ್ಕು ಹಿಡಿಯದ ಉಕ್ಕಿನ ಕಡ್ಡಿಗಳು. ಕಡ್ಡಿಗಳು ಒಳಗೂ ಹೊಕ್ಕು ಉಜ್ಜುತ್ತವೆ. ಸಿಟ್ರಿಕ್ ಆಮ್ಲ ನಿಂಬೆಯಲ್ಲಿರುವ ಆಮ್ಲವೇ. ಅಜ್ಜಿಯ ಹುಣಸೆ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಫಲಿತಾಂಶ ಹೊಸದರಂತೆ ಇರುತ್ತದೆ. ಆದರೆ ಉಕ್ಕು ಹಿತ್ತಾಳೆಗಿಂತ ಗಟ್ಟಿ, ಹೆಚ್ಚು ಹೊತ್ತು ತಿರುಗಿಸಿದರೆ ಕವಚದ ಬಾಯಿ ಜಜ್ಜಿಹೋಗುತ್ತದೆ. ಒಂದು ಕಡ್ಡಿ ಒಳಗೇ ಉಳಿದರೂ ಅಪಾಯ. ಒಳಗೆ ತೇವ ಉಳಿದರೆ ಮದ್ದು ಸರಿಯಾಗಿ ಉರಿಯದೆ ಗುಂಡು ಬಂದೂಕಿನ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದು ತಿಳಿಯದೆ ಮುಂದಿನ ಗುಂಡು ಹಾರಿಸಿದವನ ನಳಿಗೆ ಸಿಡಿಯಬಹುದು.

ಬೇಗ ಒಣಗಲೆಂದು ಕವಚಗಳನ್ನು ಬೆಂಕಿಯ ಮೇಲೆ ಹುರಿಯುವುದೂ ತಪ್ಪು. ವಿಪರೀತ ಕಾದ ಹಿತ್ತಾಳೆ ಮೆತ್ತಗಾಗುತ್ತದೆ. ಮೆತ್ತಗಾದ ತಳ ನಾಲ್ಕು ಸಾವಿರ ಪಟ್ಟು ಒತ್ತಡವನ್ನು ತಡೆಯಲಾರದು. ಬಿಸಿಲು, ಬೀಸಣಿಗೆಯ ಗಾಳಿ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೂರನೆಯದು ಶಬ್ದಾತೀತ ತರಂಗಗಳ ತೊಟ್ಟಿ. ಕನ್ನಡಕದ ಅಂಗಡಿಗಳಲ್ಲಿ, ಒಡವೆ ಅಂಗಡಿಗಳಲ್ಲಿ ಇದನ್ನು ಕೆಲವರು ನೋಡಿರಬಹುದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ ಮಾತ್ರ ಕೇಳಿಸುತ್ತದೆ. ಈ ತೊಟ್ಟಿಯಲ್ಲಿ ನೀರು ಸೆಕೆಂಡಿಗೆ ಸುಮಾರು 40 ಸಾವಿರ ಸಲ ಅದುರುತ್ತದೆ. ಆಗ ಹುಟ್ಟುವ ಕಣ್ಣಿಗೆ ಕಾಣದಂಥ ಗುಳ್ಳೆಗಳು ಕುಸಿಯುವಾಗ ಕೊಳೆಯನ್ನು ಕಿತ್ತು ಹಾಕುತ್ತವೆ. ಮೂಲೆಮುಡುಕಿನ ಕೊಳೆಯೂ ಬರುತ್ತದೆ. ಹೊಳಪು ಮಾತ್ರ ಬರುವುದಿಲ್ಲ.

ನಾಲ್ಕನೆಯದು ಬರೀ ಆಮ್ಲದಲ್ಲಿ ನೆನೆಸುವುದು. ತೆಳುವಾದ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ಕೆಲವು ನಿಮಿಷ ಸಾಕು. ಆಮ್ಲ ಬಲವಾದರೆ ಅಥವಾ ಹೊತ್ತು ಮೀರಿದರೆ ಹಳದಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಾಮ್ರಕ್ಕಿಂತ ಸತು ಚುರುಕು. ಆಮ್ಲಕ್ಕೆ ಸಿಕ್ಕಿ ಅದು ಮೊದಲು ಹೊರಟುಹೋಗುತ್ತದೆ, ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ಗುಲಾಬಿ ಬಣ್ಣವೆಂದರೆ ತೊಳೆಯುವುದು ಮುಗಿದು ತಿನ್ನುವುದು ಶುರುವಾಯಿತೆಂದು ಅರ್ಥ.

ತೊಳೆದ ಕೊಳೆ ಎಲ್ಲಿಗೆ ಹೋಯಿತು?

ಕವಚದ ಸುರಕ್ಷತೆಯ ಮಾತು ಇಲ್ಲಿಗೆ ಸಾಕು. ಇದಕ್ಕಿಂತ ದೊಡ್ಡ ಮಾತು ತೊಳೆಯುವವನ ಮನೆಯ ಮಕ್ಕಳದು.

ಪಾದರಸ ಹೋದ ಮೇಲೆ ಪ್ರೈಮರಿಗೆ ಬಂದದ್ದು ಸೀಸದ ಸ್ಟಿಫ್ನೇಟ್. ಇಂದಿಗೂ ಬಹುಪಾಲು ಪ್ರೈಮರುಗಳಲ್ಲಿ ಇರುವುದು ಅದೇ. ಉರಿದಾಗ ಅದರ ಸೀಸ ಅತಿ ನುಣುಪಾದ ಧೂಳಾಗಿ ಕವಚದ ಒಳಗೆ ಕೂರುತ್ತದೆ. ಒಣ ವಿಧಾನದಲ್ಲಿ ಈ ಧೂಳೆಲ್ಲ ಜೋಳದ ನುಚ್ಚಿಗೆ ಅಂಟುತ್ತದೆ. ನುಚ್ಚನ್ನು ಜರಡಿ ಹಿಡಿದಾಗ ಗಾಳಿಗೆ ಏಳುತ್ತದೆ, ಬಟ್ಟೆಗೆ, ಕೂದಲಿಗೆ, ನೆಲಹಾಸಿಗೆ ಇಳಿಯುತ್ತದೆ. ಕೆಲಸ ಮುಗಿಸಿ ಬಂದ ಅಪ್ಪ ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾನೆ. ತೆವಳುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ.

ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ಎಷ್ಟೋ ಹೆಚ್ಚು ಪಾಲನ್ನು ಮಗುವಿನ ದೇಹ ಹೀರಿಕೊಳ್ಳುತ್ತದೆ. ಅದು ಬೆಳೆಯುವ ಮೆದುಳಿಗೆ ಮಾಡುವ ಹಾನಿ ಹೊರಗೆ ಗಾಯವಾಗಿ ಕಾಣುವುದಿಲ್ಲ. ಪಾಠ ತಲೆಗೆ ಹತ್ತದಿರುವುದು, ಗಮನ ನಿಲ್ಲದಿರುವುದು ಇಂಥ ರೂಪದಲ್ಲಿ ಕಾಣುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರಲ್ಲಿ ಎಚ್ಚರಿಕೆಯ ಗೆರೆಯನ್ನು ಒಂದು ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೋಗ್ರಾಂಗೆ ಇಳಿಸಿತು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಡುಗೆಮನೆಯ ಸ್ಪೂನಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದನ್ನು 2000ನೇ ಇಸವಿಯಲ್ಲಿ ಕೊನೆಗಾಣಿಸಿದ್ದು ಇದೇ ಸೀಸದ ಭಯದಿಂದ.

ಹಾಗಾದರೆ ಒದ್ದೆ ವಿಧಾನ ಮೇಲೆ? ಧೂಳಿನ ಮಟ್ಟಿಗೆ ಹೌದು, ನೀರು ಅದನ್ನು ಏಳಗೊಡುವುದಿಲ್ಲ. ಆದರೆ ಸೀಸ ಮಾಯವಾಗಿಲ್ಲ, ಕೊಳೆನೀರಿನಲ್ಲಿ ಇದೆ. ಆಮ್ಲ ಬೆರೆತ ನೀರಿನಲ್ಲಿ ಅದರಲ್ಲೊಂದಿಷ್ಟು ಕರಗಿಯೂ ಇದೆ. ಆ ನೀರನ್ನು ಹಿತ್ತಲಿನ ತರಕಾರಿ ಮಡಿಗೆ ಚೆಲ್ಲಿದರೆ ಕೊಳೆ ಬಟ್ಟಲಿನಿಂದ ತಟ್ಟೆಗೆ ಬಂದಂತೆ. ಆದ್ದರಿಂದ ತಿಳಿದವರು ಕೆಲವು ನಿಯಮ ಪಾಲಿಸುತ್ತಾರೆ. ಈ ಕೆಲಸ ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ಕೂಡದು. ಅಡುಗೆಯ ಪಾತ್ರೆ, ಜರಡಿ ಬಳಸಕೂಡದು. ಮಕ್ಕಳು, ಬಸುರಿಯರು ಹತ್ತಿರ ಇರಬಾರದು. ಕೆಲಸದ ನಡುವೆ ತಿನ್ನುವುದು, ಸಿಗರೇಟು ಸೇದುವುದು ಬೇಡ. ಮುಗಿದ ಮೇಲೆ ಸೋಪಿನಿಂದ ಕೈ ಮುಖ ತೊಳೆದು, ಬಟ್ಟೆ ಬದಲಿಸಿ, ಅದನ್ನು ಬೇರೆಯಾಗಿಯೇ ಒಗೆಯಬೇಕು. ಹಳೆಯ ನುಚ್ಚು, ಕೊಳೆನೀರು ಎರಡನ್ನೂ ವಿಷಕಸವೆಂದೇ ತಿಳಿದು ಅದಕ್ಕೆಂದು ಇರುವ ಕಡೆಗೇ ಒಪ್ಪಿಸಬೇಕು.

ಮೂರು ಪ್ರಶ್ನೆಗಳು

ಯಾವ ವಿಧಾನ ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರಶ್ನೆಯನ್ನು ಮೂರಾಗಿ ಬಿಡಿಸಬೇಕು. ಕೊಳೆ ಯಾವುದು? ವಸ್ತು ಯಾವುದರಿಂದ ಆಗಿದೆ, ಅದು ಏನನ್ನು ತಡೆಯಲಾರದು? ತೆಗೆದ ಕೊಳೆ ಎಲ್ಲಿಗೆ ಹೋಗುತ್ತದೆ? ಬಹಳ ಮಂದಿ ಮೊದಲನೆಯದನ್ನು ಕೇಳುತ್ತಾರೆ, ಎರಡನೆಯದನ್ನು ಕೆಲವರು ಕೇಳುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಕವಚದ ವಿಷಯದಲ್ಲಿ ಮೂರನ್ನೂ ಕೇಳಿದರೆ, ಮನೆಯಲ್ಲಿ ಮಕ್ಕಳಿರುವವನಿಗೆ ಒದ್ದೆ ವಿಧಾನ, ತೆಳುವಾದ ಸಿಟ್ರಿಕ್ ಆಮ್ಲ, ಕಡಿಮೆ ಹೊತ್ತು, ಪೂರ್ತಿ ಒಣಗಿಸುವುದು, ಕೊಳೆನೀರಿನ ಜವಾಬ್ದಾರಿ ಇವಿಷ್ಟೂ ಸೇರಿ ಉತ್ತರವಾಗುತ್ತದೆ. ಒಣ ವಿಧಾನವೇ ಬೇಕೆನ್ನುವವನು ಮುಚ್ಚಳ ಬಿಗಿದು, ಮನೆಯಿಂದ ಹೊರಗೆ ಇಟ್ಟುಕೊಳ್ಳಬೇಕು. ಎರಡರಲ್ಲೂ ಅಮೋನಿಯಾಕ್ಕೆ ಜಾಗವಿಲ್ಲ.

ಈ ಮೂರು ಪ್ರಶ್ನೆಗಳು ಕಾಡತೂಸಿಗೆ ಮಾತ್ರ ಸೇರಿದವಲ್ಲ. ಸ್ನಾನದ ಮನೆಯ ಅಮೃತಶಿಲೆಗೆ ಬಲವಾದ ಆಮ್ಲ ಸುರಿಯುವ ಮುನ್ನ, ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸುವ ಮುನ್ನ, ಹಳೆಯ ಗೋಡೆಯ ಬಣ್ಣ ಕೆರೆಯುವ ಮುನ್ನ ಇವನ್ನೇ ಕೇಳಬೇಕು.

ವಿದ್ಯಾರ್ಥಿಗಳು ಮನೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಬಹುದು. ಕಂದುಗಟ್ಟಿದ ಹಿತ್ತಾಳೆ ಚಮಚ ಒಂದನ್ನು ಅರ್ಧದವರೆಗೆ ನಿಂಬೆರಸದಲ್ಲಿ ಹತ್ತು ನಿಮಿಷ ಇಳಿಬಿಟ್ಟು, ತೊಳೆದು, ಗೆರೆಯ ಎರಡೂ ಬದಿ ಹೋಲಿಸಬೇಕು. ಅಂಥದೇ ಇನ್ನೊಂದು ಹಳೆಯ ತುಣುಕನ್ನು ಎರಡು ದಿನ ಬಿಟ್ಟು ಬಣ್ಣ ಹೇಗೆ ಬದಲಾಗಿದೆ ಎಂದು ಬರೆದಿಡಬೇಕು. ಬಳಸಿದ ರಸವನ್ನು ಚೆಲ್ಲಿಬಿಡಬೇಕು, ರುಚಿ ನೋಡಬಾರದು; ಅದರಲ್ಲಿ ಈಗ ತಾಮ್ರ, ಸತು ಎರಡೂ ಇವೆ. ಕಾಡಿನಂಚಿನಲ್ಲೋ ಬಯಲಿನಲ್ಲೋ ಕಾಡತೂಸು ಸಿಕ್ಕರೆ ಅದು ಖಾಲಿಯೋ ಅಲ್ಲವೋ ಎಂದು ಪರೀಕ್ಷಿಸಲು ಹೋಗದೆ, ಮುಟ್ಟದೆ, ಹಿರಿಯರಿಗೆ ತಿಳಿಸಬೇಕು. ಅವರು ಪೊಲೀಸರಿಗೆ ತಿಳಿಸುತ್ತಾರೆ.

ಹಬ್ಬದ ದೀಪದ ಬಳಿ ಕುಳಿತ ಅಜ್ಜಿ ಈ ಮೂರು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿಕೊಂಡವರಲ್ಲ. ಆದರೆ ಹುಣಸೆಹಣ್ಣನ್ನು ಹೆಚ್ಚು ಹೊತ್ತು ಬಿಡಬಾರದೆಂದು, ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸಬೇಕೆಂದು ಅವರ ಕೈಗೆ ಗೊತ್ತು. ಅದು ಏಕೆಂದು ಹೇಳುವ ಕೆಲಸ ಈಗ ರಸಾಯನಶಾಸ್ತ್ರ ಓದುವ ಮೊಮ್ಮಕ್ಕಳದು.